ಬೆಟ್ಟಾ ಮೀನಿಗೆ ಮುನ್ನ ನೀರನ್ನು ಸಿದ್ಧಗೊಳಿಸಿ

ಬೆಟ್ಟಾ ಮೀನು ಚಿಕ್ಕ ಗಾಜಿನ ಬಟ್ಟಲಿನಲ್ಲೂ ಬದುಕುತ್ತದೆ ಎಂಬ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಕಿವಿರುಗಳ ಜೊತೆಗೆ ಲ್ಯಾಬಿರಿಂತ್ ಎಂಬ ಅಂಗವೂ ಇರುವುದರಿಂದ ಅದು ಮೇಲ್ಮೈಗೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು. ಥಾಯ್ಲೆಂಡಿನ ಗದ್ದೆ, ಜೌಗುಗಳ ನಿಂತ ನೀರಿನಲ್ಲಿ ಅದರ ಕುಲ ಉಳಿದುಬಂದದ್ದು ಹಾಗೆಯೇ. ಆದರೆ ಮೀನು ತಾನೇ ಹೊರಹಾಕುವ ಅಮೋನಿಯಾ ಎಂಬ ವಿಷದಿಂದ ಈ ಅಂಗ ಅದನ್ನು ಕಾಪಾಡಲಾರದು. ಬಟ್ಟಲಿನ ಮೀನು ಸೊರಗುವುದು ಹೆಚ್ಚಾಗಿ ಇದರಿಂದಲೇ.

ಒಂದು ಮೀನಿಗೆ ಸುಮಾರು 20 ಲೀಟರಿನ ತೊಟ್ಟಿಯನ್ನು ಆರಿಸಿಕೊಳ್ಳಿ. ಬೆಟ್ಟಾ ಹೊರಗೆ ಜಿಗಿಯುತ್ತದೆ. ಆದ್ದರಿಂದ ಮುಚ್ಚಳ ಬೇಕೇ ಬೇಕು, ಆದರೆ ಉಸಿರಾಟಕ್ಕಾಗಿ ನೀರಿನ ಮೇಲೆ ಮೂರು-ನಾಲ್ಕು ಬೆರಳಿನಷ್ಟು ಜಾಗ ಬಿಡಿ. ಉದ್ದನೆಯ ರೆಕ್ಕೆಗಳನ್ನು ಹೊತ್ತ ಮೀನು ನೀರಿನ ರಭಸಕ್ಕೆ ದಣಿಯುವುದರಿಂದ ಮೆಲ್ಲಗೆ ನಡೆಯುವ ಸ್ಪಂಜ್ ಫಿಲ್ಟರ್ ಒಳ್ಳೆಯದು. ಪ್ಲಾಸ್ಟಿಕ್ ಗಿಡ ಇಡುವುದಾದರೆ ಅದರ ಮೇಲೆ ತೆಳು ರೇಷ್ಮೆ ಬಟ್ಟೆಯನ್ನು ಎಳೆದು ನೋಡಿ. ನೂಲು ಸಿಕ್ಕಿಕೊಂಡರೆ ರೆಕ್ಕೆಯೂ ಸಿಕ್ಕಿ ಹರಿಯುತ್ತದೆ.

ಮೀನನ್ನು ಆಗಲೇ ತರಬೇಡಿ. ಫಿಲ್ಟರ್ ಓಡಿಸುತ್ತಾ ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತಿದ್ದರೆ ಅದು ಕೊಳೆತು ಅಮೋನಿಯಾ ಹುಟ್ಟುತ್ತದೆ. ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಇದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ನೈಟ್ರೇಟ್ ಕಾಣಿಸಿಕೊಂಡಾಗ ತೊಟ್ಟಿ ಸಿದ್ಧವಾಯಿತೆಂದು ತಿಳಿಯಿರಿ. ಈ ಕಾಯುವಿಕೆಯನ್ನು ಯಾರೂ ತಪ್ಪಿಸಬಾರದೆಂದು ಒತ್ತಿ ಹೇಳುತ್ತೇನೆ.

ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಕೆಲವೆಡೆ ಅದರ ಬದಲು ನೀರಿಗೆ ಬೆರೆಸುವ ಕ್ಲೋರಮೀನ್ ಹೋಗುವುದಿಲ್ಲ. ಆದ್ದರಿಂದ ಕ್ಲೋರಿನ್ ನಿವಾರಕ ದ್ರಾವಣವನ್ನು ಬಳಸುವುದೇ ಸುರಕ್ಷಿತ. ಉಷ್ಣಾಂಶ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರಲಿ. ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ತೆಗೆದು ಅಷ್ಟೇ ಬೆಚ್ಚಗಿನ ಹೊಸ ನೀರನ್ನು ತುಂಬಿಸಿ. ಫಿಲ್ಟರಿನ ಸ್ಪಂಜನ್ನು, ತೊಟ್ಟಿಯಿಂದ ತೆಗೆದ ಆ ಹಳೆಯ ನೀರಿನಲ್ಲೇ ಹಿಂಡಬೇಕು. ನಲ್ಲಿಯಡಿ ಹಿಡಿದರೆ ವಾರಗಟ್ಟಲೆ ಬೆಳೆಸಿದ ಬ್ಯಾಕ್ಟೀರಿಯಾಗಳನ್ನು ಕ್ಲೋರಿನ್ ಕೊಲ್ಲುತ್ತದೆ.

ಬೆಟ್ಟಾ ಮಾಂಸಾಹಾರಿ. ಅದಕ್ಕೆಂದೇ ತಯಾರಿಸಿದ ಚಿಕ್ಕ ಗುಳಿಗೆಗಳನ್ನು ಬೆಳಿಗ್ಗೆ ಎರಡು-ಮೂರು, ಸಂಜೆ ಅಷ್ಟೇ ಹಾಕಿ. ನಿಮ್ಮನ್ನು ಕಂಡೊಡನೆ ಗಾಜಿನ ಬಳಿ ಕುಣಿಯುತ್ತಾ ಬಂದರೂ ಹೆಚ್ಚು ಹಾಕಬೇಡಿ, ಅದರ ಹೊಟ್ಟೆ ತೀರಾ ಚಿಕ್ಕದು. ಎರಡು ಗಂಡು ಮೀನುಗಳನ್ನು ಒಂದೇ ತೊಟ್ಟಿಯಲ್ಲಿ ಬಿಡಲೇಬಾರದು.

ಊಟದ ಹೊತ್ತಿನಲ್ಲಿ ಮೀನನ್ನು ಗಮನವಿಟ್ಟು ನೋಡಿ. ರೆಕ್ಕೆಯ ಅಂಚು ಕಪ್ಪಾಗಿ ಅಥವಾ ಕೆಂಪಾಗಿ ಸವೆಯುತ್ತಿದ್ದರೆ ಔಷಧಿಗೆ ಕೈಹಾಕುವ ಮುನ್ನ ನೀರನ್ನು ಪರೀಕ್ಷಿಸಿ. ಅಮೋನಿಯಾ ಕಂಡುಬಂದರೆ ಅಂದೇ ಸ್ವಲ್ಪ ನೀರು ಬದಲಿಸಿ. ಮೀನು ರೆಕ್ಕೆ ಮುದುಡಿಕೊಂಡು ಮೈಯನ್ನು ಗಿಡಕ್ಕೆ ಉಜ್ಜುತ್ತಿದ್ದರೆ ಕೋಣೆಯ ದೀಪವಾರಿಸಿ, ಪಕ್ಕದಿಂದ ಟಾರ್ಚ್ ಬಿಡಿ. ಮೈಮೇಲೆ ಹೊನ್ನಿನ ಹುಡಿ ಉದುರಿಸಿದಂತೆ ಕಂಡರೆ ಅದು ವೆಲ್ವೆಟ್ ಎಂಬ ಪರೋಪಜೀವಿಯ ರೋಗವಾಗಿರಬಹುದು. ತಡಮಾಡದೆ ಮೀನುಗಳ ಚಿಕಿತ್ಸೆ ಬಲ್ಲ ಪಶುವೈದ್ಯರನ್ನು ಕೇಳಿ.