ದಿಕ್ಸೂಚಿಯಿಂದ ದಂಡಕಾಂತದ ದ್ವಿಧ್ರುವ ಭ್ರಾಮಕವನ್ನು ಅಳೆಯುವ ಬಗೆ

ದಂಡಕಾಂತದ ದ್ವಿಧ್ರುವ ಭ್ರಾಮಕವನ್ನು, ಎಂದರೆ ಅದು ಎಷ್ಟು ಬಲವಾದ ಕಾಂತವೆಂಬುದರ ಅಳತೆಯನ್ನು, ಕಂಡುಹಿಡಿಯಲು ಒಂದು ದಿಕ್ಸೂಚಿ ಮತ್ತು ಅಳತೆಪಟ್ಟಿ ಸಾಕು, ಏಕೆಂದರೆ ಹೋಲಿಕೆಗೆ ಬೇಕಾದ ಕಾಂತಕ್ಷೇತ್ರವನ್ನು ಭೂಮಿಯೇ ಒದಗಿಸುತ್ತದೆ. ಬೆಂಗಳೂರಿನ ಸುತ್ತಮುತ್ತ ಅದರ ಸಮತಲ ಘಟಕವು, ಎಂದರೆ ನೆಲಕ್ಕೆ ಸಮಾನಾಂತರವಾದ ಭಾಗವು, ಸುಮಾರು 40 ಮೈಕ್ರೋಟೆಸ್ಲಾ.

ಕಬ್ಬಿಣದ ವಸ್ತುಗಳನ್ನೂ ಮೊಬೈಲ್ ಫೋನನ್ನೂ ದೂರವಿರಿಸಿ, ಮರದ ಮೇಜಿನ ಮೇಲೆ ದಿಕ್ಸೂಚಿಯನ್ನಿಟ್ಟು ಮುಳ್ಳು ನಿಲ್ಲುವವರೆಗೆ ಕಾಯಿರಿ. ಮುಳ್ಳಿಗೆ ಲಂಬವಾಗಿ, ಎಂದರೆ ಪೂರ್ವ-ಪಶ್ಚಿಮವಾಗಿ, ದಿಕ್ಸೂಚಿಯ ಕೇಂದ್ರದ ಮೂಲಕ ಹಾಯುವಂತೆ ಒಂದು ಗೆರೆಯನ್ನೆಳೆದು, ಕಾಂತದ ಅಕ್ಷವು ಆ ಗೆರೆಯ ಮೇಲೆಯೇ ಬರುವಂತೆ ಅದನ್ನು ಇರಿಸಿ. ಈಗ ಮುಳ್ಳಿನ ಮೇಲೆ ಎರಡು ಕ್ಷೇತ್ರಗಳು ಪರಸ್ಪರ ಲಂಬವಾಗಿ ವರ್ತಿಸುವುದರಿಂದ, ಮುಳ್ಳು ತಿರುಗಿದ ಕೋನದ ಟ್ಯಾಂಜೆಂಟನ್ನು 40 ಮೈಕ್ರೋಟೆಸ್ಲಾದಿಂದ ಗುಣಿಸಿದರೆ ಕಾಂತದ ಕ್ಷೇತ್ರ ದೊರೆಯುತ್ತದೆ. ಅದನ್ನು ಟೆಸ್ಲಾದಲ್ಲಿ ಬರೆದುಕೊಂಡು, ಮೀಟರುಗಳಲ್ಲಿರುವ ದೂರದ ಘನದಿಂದ ಗುಣಿಸಿ, 2 × 10⁻⁷ರಿಂದ ಭಾಗಿಸಿದರೆ ಭ್ರಾಮಕ ಸಿಗುತ್ತದೆ.

ಉದಾಹರಣೆಗೆ, 20 ಸೆಂ.ಮೀ. ದೂರದಲ್ಲಿ ಮುಳ್ಳು 45 ಡಿಗ್ರಿ ತಿರುಗಿದರೆ ಭ್ರಾಮಕವು 1.6 ಆಂಪಿಯರ್-ಚದರ ಮೀಟರ್. 100 ಚದರ ಸೆಂ.ಮೀ. ವಿಸ್ತೀರ್ಣದ 100 ಸುತ್ತುಗಳ ಸುರುಳಿಯಲ್ಲಿ 1.6 ಆಂಪಿಯರ್ ಪ್ರವಾಹ ಹರಿದರೂ ಇಷ್ಟೇ ಭ್ರಾಮಕವಿರುತ್ತದೆ. ಅಂಥ ಸುರುಳಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈ ವಿಚಿತ್ರ ಏಕಮಾನ ಎಲ್ಲಿಂದ ಬಂತೆಂಬುದೂ ತಿಳಿಯುತ್ತದೆ.

ಹೆಚ್ಚಿನ ತಪ್ಪುಗಳು ನುಸುಳುವುದು ದೂರದ ಅಳತೆಯಲ್ಲಿ. ಅದನ್ನು ಕಾಂತದ ತುದಿಯಿಂದಲ್ಲ, ಅದರ ಮಧ್ಯಬಿಂದುವಿನಿಂದ ದಿಕ್ಸೂಚಿಯ ಕೇಂದ್ರದವರೆಗೆ ಅಳೆಯಬೇಕು. ದೂರದ ಘನವೇ ಲೆಕ್ಕಕ್ಕೆ ಬರುವುದರಿಂದ 20 ಸೆಂ.ಮೀ.ನಲ್ಲಿ ಒಂದೇ ಸೆಂ.ಮೀ. ತಪ್ಪಿದರೂ ಉತ್ತರವು ನೂರಕ್ಕೆ 15ರಷ್ಟು ತಪ್ಪುತ್ತದೆ. ಕೋನವು 30ರಿಂದ 60 ಡಿಗ್ರಿಗಳ ನಡುವೆ ಇರುವಂತೆ ದೂರವನ್ನು ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕೋನವನ್ನು ಓದುವಾಗಿನ ಸಣ್ಣ ತಪ್ಪು 45 ಡಿಗ್ರಿಯ ಬಳಿ ಉತ್ತರವನ್ನು ಅತಿ ಕಡಿಮೆ ಕೆಡಿಸುತ್ತದೆ. ಮುಳ್ಳಿನ ಎರಡೂ ತುದಿಗಳನ್ನು ಓದಿ, ಕಾಂತದ ಧ್ರುವಗಳನ್ನು ಅದಲುಬದಲು ಮಾಡಿ, ಬಳಿಕ ದಿಕ್ಸೂಚಿಯ ಇನ್ನೊಂದು ಬದಿಯಲ್ಲಿ ಅಷ್ಟೇ ದೂರದಲ್ಲಿಟ್ಟು ಮತ್ತೆ ಓದಿ, ಎಲ್ಲದರ ಸರಾಸರಿಯನ್ನು ತೆಗೆದುಕೊಳ್ಳಿ. ಬೇಸರದ ಕೆಲಸವೇ ಸರಿ, ಆದರೆ ಕಾಂತವನ್ನು ತುಸು ಓರೆಯಾಗಿಟ್ಟ ದೋಷ ಬಹುಪಾಲು ಇದರಿಂದಲೇ ಅಳಿಸಿಹೋಗುತ್ತದೆ.

ಕೊನೆಯಲ್ಲಿ ಕಾಂತವನ್ನು 25 ಸೆಂ.ಮೀ.ಗೆ ಸರಿಸಿ ನೋಡಿ: ಮೇಲಿನ ಉದಾಹರಣೆಯಲ್ಲಿ ಕೋನವು ಸುಮಾರು 27 ಡಿಗ್ರಿಗೆ ಇಳಿಯಬೇಕು. ಅದಕ್ಕಿಂತಲೂ ಕಡಿಮೆಯಾದರೆ ನಿಮ್ಮ ಕಾಂತವು ಆ ದೂರಗಳಿಗೆ ಉದ್ದವಾಯಿತೆಂದು ತಿಳಿಯಬಹುದು. ಹತ್ತಿರದ ಧ್ರುವದ ಪ್ರಭಾವ ಮೇಲುಗೈಯಾಗುವುದರಿಂದ, 10 ಸೆಂ.ಮೀ. ಉದ್ದದ ಕಾಂತವು 20 ಸೆಂ.ಮೀ.ನಲ್ಲಿ ಭ್ರಾಮಕವನ್ನು ನೂರಕ್ಕೆ ಸುಮಾರು 10ರಷ್ಟು ಹೆಚ್ಚಾಗಿ ತೋರಿಸುತ್ತದೆ. ಅಂಥಲ್ಲಿ ಹೆಚ್ಚು ದೂರದಲ್ಲಿ, ಎಂದರೆ 25 ಸೆಂ.ಮೀ.ನಲ್ಲಿ, ಪಡೆದ ಅಳತೆಯನ್ನೇ ಉಳಿಸಿಕೊಳ್ಳಿ.