ಸಮ್ಮೇಳನದಲ್ಲಿ ಇಂಪ್ರೊವ್ ಕಾರ್ಯಾಗಾರ: ಒಂದು ಗಂಟೆಯಲ್ಲಿ ಏನು ಕಲಿಸಬಹುದು

ಇಂಪ್ರೊವ್ ಎಂದರೆ ಬರೆದಿಟ್ಟ ಮಾತಿಲ್ಲದೆ ಸ್ಥಳದಲ್ಲೇ ಕಟ್ಟುವ ನಾಟಕ. ಅದರ ಕಾರ್ಯಾಗಾರಕ್ಕೆ ವೇಳಾಪಟ್ಟಿಯಲ್ಲಿ 60 ನಿಮಿಷ ಎಂದಿದ್ದರೆ 50 ಎಂದೇ ಲೆಕ್ಕ ಹಿಡಿಯಿರಿ. ಹಿಂದಿನ ಗೋಷ್ಠಿಯವರು ಏಳಬೇಕು, ಕುರ್ಚಿ ಗೋಡೆಗೆ ಸೇರಬೇಕು, ತಡವಾಗಿ ಬಂದವರು ಒಳಗೆ ನುಸುಳಬೇಕು. ಉಳಿದ ಹೊತ್ತಿಗೆ ಮೂರು ಆಟ ಸಾಕು. ಎಂಟು ಆಟ ಬರೆದುಕೊಂಡು ಬಂದವರು ನಿಯಮ ವಿವರಿಸುವುದರಲ್ಲೇ ಅರ್ಧ ಹೊತ್ತು ಕಳೆಯುತ್ತಾರೆ.

ಸಂಘಟಕರನ್ನು ಮೊದಲೇ ಎರಡು ವಿಷಯ ಕೇಳಿ: ಕುರ್ಚಿಗಳನ್ನು ಸರಿಸಬಹುದೇ, ಪಕ್ಕದ ಕೋಣೆಯಲ್ಲಿ ಏನಿದೆ? ಹತ್ತು ಜೋಡಿ ಒಟ್ಟಿಗೆ ಮಾತಿಗಿಳಿದರೆ ತೆಳು ಗೋಡೆಯಾಚೆ ಭಾಷಣ ಮಾಡುವವರ ಪಾಡು ಕೇಳಬೇಡಿ. 20 ಜನರ ಮಿತಿ ಹಾಕಿಸಿ, ಆದರೆ 40 ಜನ ಬಂದರೂ ನಡೆಯುವ ಆಟಗಳನ್ನೇ ಆರಿಸಿ. ಮಿತಿಯನ್ನು ಬಾಗಿಲಲ್ಲಿ ಯಾರೂ ಕಾಯುವುದಿಲ್ಲ.

ದೊಡ್ಡ ತಪ್ಪು ಯಾವುದೆಂದರೆ, ಇಬ್ಬರನ್ನು ಮುಂದೆ ಕರೆದು ದೃಶ್ಯ ಮಾಡಿಸಿ ಉಳಿದವರನ್ನು ನೋಡಲು ಕೂರಿಸುವುದು. 40 ಜನ, ಜೋಡಿಗೆ 2 ನಿಮಿಷ ಎಂದರೆ ಒಬ್ಬೊಬ್ಬರೂ 2 ನಿಮಿಷ ಆಡಿ 38 ನಿಮಿಷ ಪ್ರೇಕ್ಷಕರಾಗುತ್ತಾರೆ. ಬಂದವರು ಆಡಲು ಬಂದವರು. ಎಲ್ಲ ಜೋಡಿಗಳೂ ಏಕಕಾಲಕ್ಕೆ ಆಡಲಿ. ಯಾರೂ ತಮ್ಮನ್ನು ನೋಡುತ್ತಿಲ್ಲ ಎಂದಾಗ ಸಂಕೋಚದವರೂ ಬಾಯಿ ಬಿಡುತ್ತಾರೆ.

ಮೊದಲ ನಿಮಿಷದಲ್ಲಿ ಮೂರು ಮಾತು ಹೇಳಿಬಿಡಿ: ಕೇಳದೆ ಯಾರನ್ನೂ ಮುಟ್ಟಬೇಡಿ, ಬೇಡವೆನಿಸಿದರೆ ಕಾರಣ ಕೊಡದೆ ಕೂತು ನೋಡಬಹುದು, ವಿಡಿಯೊ ಬೇಡ. ನಿಮ್ಮ ಪರಿಚಯ ಎರಡು ವಾಕ್ಯ ಮೀರದಿರಲಿ.

ಮೊದಲ ಆಟ ಜಿಪ್-ಜಾಪ್-ಜೋಪ್, 7 ನಿಮಿಷ. ಹತ್ತು ಹತ್ತು ಜನರ ವೃತ್ತ. ಒಬ್ಬರು ಚಪ್ಪಾಳೆ ಹೊಡೆದು ಇನ್ನೊಬ್ಬರತ್ತ ಕೈ ಚಾಚಿ ‘ಜಿಪ್’ ಎನ್ನಬೇಕು, ಅವರು ಮತ್ತೊಬ್ಬರಿಗೆ ‘ಜಾಪ್’, ಮುಂದಿನವರು ‘ಜೋಪ್’, ಮತ್ತೆ ‘ಜಿಪ್’. ತಪ್ಪಿದವರನ್ನು ಔಟ್ ಮಾಡಬೇಡಿ. ಹಾಗೆ ಮಾಡಿದರೆ ಮೊದಲು ಹೊರಬೀಳುವವರು ಹೆದರಿಕೊಂಡವರು, ಆಟ ಬೇಕಾದದ್ದೂ ಅವರಿಗೇ. ಯಾರು ತಪ್ಪಿದರೂ ವೃತ್ತವೆಲ್ಲ ‘ಭಲೇ!’ ಎಂದು ಕೂಗಿ ಮುಂದುವರಿಯಲಿ.

ಎರಡನೆಯದು ಜೋಡಿ ಆಟ, 15 ನಿಮಿಷ. ಕಾರ್ಯಾಗಾರದ ಜೀವಾಳ ಇದೇ. ಇಬ್ಬರೂ ಒಂದು ಪ್ರವಾಸ ಯೋಜಿಸಬೇಕು. ಮೊದಲ ಸುತ್ತಿನಲ್ಲಿ ಪ್ರತಿ ಸಲಹೆಗೂ ‘ಬೇಡ’, ಎರಡನೆಯದರಲ್ಲಿ ‘ಹೌದು, ಆದ್ರೆ’, ಮೂರನೆಯದರಲ್ಲಿ ‘ಹೌದು, ಅದಕ್ಕೇ’. ಸುತ್ತಿಗೆ 2 ನಿಮಿಷ, ಪ್ರತಿ ಸುತ್ತಿಗೂ ಜೋಡಿ ಬದಲು. ಬೆಸ ಸಂಖ್ಯೆಯಾದರೆ ಮೂವರ ಒಂದು ಗುಂಪು. ನೀವು ಜೋಡಿಯಾಗಿ ನಿಂತರೆ ಕೋಣೆಯ ಮೇಲಿನ ಕಣ್ಣು ತಪ್ಪುತ್ತದೆ. ಹೆಚ್ಚು ನಗು ಬರುವುದು ‘ಬೇಡ’ ಸುತ್ತಿನಲ್ಲೇ. ಗಾಬರಿಯಾಗಬೇಡಿ, ‘ಪ್ರವಾಸ ಎಲ್ಲಿಗೆ ಮುಟ್ಟಿತು?’ ಎಂದಷ್ಟೇ ಕೇಳಿ. ಮನೆ ಬಾಗಿಲೂ ದಾಟಿರುವುದಿಲ್ಲ.

ಮೂರನೇ ಸುತ್ತಿನಲ್ಲಿ ಬೇರೆಯೇ ತೊಂದರೆ. ‘ಹೌದು’ ಅಂದವರು ಹಿಂದಿನ ಮಾತು ಮರೆತು ಹೊಸತನ್ನು ಎಸೆಯುತ್ತಾರೆ. ನಾಲ್ಕನೇ ವಾಕ್ಯಕ್ಕೆ ಎಲ್ಲರೂ ಚಂದ್ರನ ಮೇಲೆ. ಜೊತೆಗಾರರ ಕೊನೆಯ ಮಾತನ್ನು ಮತ್ತೆ ಹೇಳಿಯೇ ಮುಂದುವರಿಯಬೇಕು ಎಂಬ ನಿಯಮ ಸೇರಿಸಿ, ಕಿವಿ ತಾನೇ ತೆರೆಯುತ್ತದೆ.

ಕೊನೆಗೆ ಮೂರು ಮಾತಿನ ದೃಶ್ಯ, 15 ನಿಮಿಷ. ಎರಡು ಸಾಲು; ಎದುರುಬದುರು ನಿಂತವರು ಮೂರೇ ಮಾತಲ್ಲಿ ಯಾರು, ಎಲ್ಲಿ, ಏನು ನಂಟು ಎಂಬುದನ್ನು ತೋರಿಸಿ ಸಾಲಿನ ಹಿಂದೆ ಹೋಗುತ್ತಾರೆ. ಜೋಡಿಗೆ ಅರ್ಧ ನಿಮಿಷ. 20ಕ್ಕಿಂತ ಹೆಚ್ಚು ಜನರಿದ್ದರೆ ಕೋಣೆಯ ಎರಡು ಮೂಲೆಗಳಲ್ಲಿ ಎರಡು ತಂಡ.

‘ಅಣ್ಣಾ, ಅಪ್ಪ ಬರೋದ್ರೊಳಗೆ ಈ ಸ್ಕೂಟರ್ ಮೊದಲಿನ ಹಾಗೇ ಜೋಡಿಸ್ಬೇಕು.’
‘ಜೋಡಿಸ್ದೆ ಕಣೋ. ಆದ್ರೆ ಈ ಆರು ನಟ್ಟು ಮಿಕ್ಕಿವೆ.’
‘ಅವು ಪಕ್ಕದ್ಮನೆಯವರ ಸ್ಕೂಟರ್‌ದು.’

ಹೊಸಬರು ‘ಯಾರು ನೀನು?’ ಎಂದು ಶುರು ಮಾಡುತ್ತಾರೆ. ಪ್ರಶ್ನೆ ಕೇಳಿದರೆ ದೃಶ್ಯ ಕಟ್ಟುವ ಹೊರೆ ಪೂರ್ತಿ ಎದುರಿನವರದು. ‘ಇಬ್ಬರಿಗೂ ಹತ್ತು ವರ್ಷದ ಪರಿಚಯ’ ಎಂದು ಮೊದಲೇ ಹೇಳಿದರೆ ಈ ಕಾಟವೂ ಹೊಸಬರು ಮತ್ತೆ ಮತ್ತೆ ಆಡುವ ಅಂಗಡಿಯವ-ಗಿರಾಕಿ ಜಗಳವೂ ಒಟ್ಟಿಗೆ ತೊಲಗುತ್ತವೆ. ಸಭೆಯನ್ನು ‘ಒಂದು ಜಾಗ ಹೇಳಿ’ ಎಂದು ಕೇಳಿದರೆ ಬರುವ ಉತ್ತರ ಶೌಚಾಲಯ. ‘ಮಳೆ ಬಂದಾಗ ಓಡಿ ನಿಲ್ಲುವ ಜಾಗ’ ಎಂದು ಕೇಳಿ.

ತಿದ್ದಲು ಆಟ ನಿಲ್ಲಿಸಬೇಡಿ. ಅಮೆರಿಕದ ರಂಗ ಶಿಕ್ಷಕಿ ವಯೋಲಾ ಸ್ಪೋಲಿನ್ ರಂಗ ಆಟಗಳಲ್ಲಿ ಬಳಸಿದ ಸೈಡ್‌ಕೋಚಿಂಗ್ ಇಲ್ಲಿ ಚೆನ್ನಾಗಿ ಒದಗುತ್ತದೆ: ಆಟ ನಡೆದಿರುವಾಗಲೇ ‘ಹೆಸರು ಹಿಡಿದು ಕರಿ’, ‘ಕೈಲಿರೋದನ್ನ ತೋರಿಸು’ ಎಂಬಂಥ ಚುಟುಕು ಸೂಚನೆ. ಒಬ್ಬರನ್ನೇ ಹೆಸರಿಸಿ ತಿದ್ದಬೇಡಿ. ಇಡೀ ಕೋಣೆಗೆ ಹೇಳಿ. ಮೊದಲೇ ಇಂಪ್ರೊವ್ ಮಾಡಿದವರೊಬ್ಬರು ಬಂದು ಎಲ್ಲರ ಮಾತನ್ನೂ ನುಂಗುತ್ತಿದ್ದರೆ, ‘ಈ ಸುತ್ತಲ್ಲಿ ನಿಮಗೆ ಒಂದೇ ಪದದ ಮಾತು’ ಎಂಬ ಸವಾಲು ಕೊಡಿ. ಅವರಿಗೂ ಕೆಲಸ ಸಿಕ್ಕಿತು.

45ನೇ ನಿಮಿಷಕ್ಕೆ, ನಗು ಜೋರಾಗಿದ್ದರೂ ಸರಿ, ಆಟ ಮುಗಿಸಿ. ಉಳಿದ 5 ನಿಮಿಷ ಪ್ರಶ್ನೆಗಳಿಗೂ ಕುರ್ಚಿಗಳನ್ನು ಮರಳಿ ಹಾಕುವುದಕ್ಕೂ ಬೇಕು.