ಹಲಗೆ ಸೀಳುವ ಸಲಕರಣೆ: ನೋಡಿ ಮಾರುವುದು, ಪ್ಲಾಸ್ಟಿಕ್ ಕಡಿಮೆ ಮಾಡಿ ಕಟ್ಟುವುದು

ಬಿದ್ದ ಮರವನ್ನು ಲಾರಿಗೆ ಹೇರಿ ಸಾ ಮಿಲ್ಲಿಗೆ ಸಾಗಿಸದೆ ಬಿದ್ದಲ್ಲೇ ಹಲಗೆ ಮಾಡಿಕೊಳ್ಳಬೇಕಾದರೆ ಒಂದು ಚೈನ್‌ಸಾ, ಅಂದರೆ ಹಲ್ಲಿನ ಚೈನ್ ಓಡುವ ಯಂತ್ರದ ಗರಗಸ ಬೇಕು, ಅದರ ಬಾರ್‌ಗೆ (ಚೈನ್ ಸುತ್ತುವ ಉದ್ದನೆಯ ಉಕ್ಕಿನ ಪಟ್ಟಿಗೆ) ಬಿಗಿಯುವ ಒಂದು ಚೌಕಟ್ಟು ಬೇಕು. ಈ ಚೌಕಟ್ಟಿಗೆ ಚೈನ್‌ಸಾ ಮಿಲ್ ಎಂದು ಹೆಸರು. ಅಲಾಸ್ಕನ್ ಮಿಲ್ ಎಂದೂ ಕರೆಯುತ್ತಾರೆ. ಬಾರ್‌ಗೆ ಸಮಾನಾಂತರವಾಗಿ ಎರಡು ಅಲ್ಯುಮಿನಿಯಂ ಹಳಿಗಳಿರುತ್ತವೆ. ಅವು ದಿಮ್ಮಿಯ ಮೇಲ್ಮೈ ಮೇಲೆ ಜಾರುತ್ತಾ ಹೋದ ಹಾಗೆ ಕೆಳಗೆ ಚೈನ್ ಮರವನ್ನು ಉದ್ದಕ್ಕೆ ಸೀಳುತ್ತದೆ. ಹಳಿಗೂ ಬಾರ್‌ಗೂ ನಡುವಿನ ಅಂತರವೇ ಹಲಗೆಯ ದಪ್ಪ.

ನಾನು ಈ ಸಲಕರಣೆಗಳನ್ನು ಮಾರುತ್ತೇನೆ. ಕೊಳ್ಳುವವರಲ್ಲಿ ಬಹಳಷ್ಟು ಜನ ಮರದ ಬೆಲೆ ಬಲ್ಲವರು, ಒಂದು ಒಳ್ಳೆಯ ದಿಮ್ಮಿ ಸೌದೆಯಾಗಿ ಹೋಗಬಾರದು ಎಂದು ಕಷ್ಟಪಡುವವರು. ಅಂಥವರ ಬಾಗಿಲಿಗೆ ಒಂದು ಚೀಲ ಥರ್ಮೋಕೋಲ್ ಚೂರು, ಎರಡು ಮಾರು ಬಬಲ್ ರ್ಯಾಪ್ ಕಳಿಸುವುದು ನನಗೆ ಹಿಡಿಸಲಿಲ್ಲ. ಅದನ್ನು ಬಿಡಲು ಹೊರಟ ಮೇಲೆ ಗೊತ್ತಾಯಿತು, ಪ್ಲಾಸ್ಟಿಕ್ ಉಳಿತಾಯ ಆರ್ಡರ್ ಬರೆದುಕೊಳ್ಳುವಾಗಲೇ ಶುರುವಾಗಬೇಕು. ತಪ್ಪು ಚೈನ್ ಹೋದರೆ ಅದಕ್ಕೆ ಮೂರು ಪ್ರಯಾಣ: ಹೋಗುವುದು, ವಾಪಸ್ ಬರುವುದು, ಸರಿಯಾದದ್ದು ಮತ್ತೆ ಹೋಗುವುದು. ಎಷ್ಟು ಒಳ್ಳೆಯ ಕಾಗದದಲ್ಲಿ ಸುತ್ತಿದರೂ ಆ ನಷ್ಟ ತುಂಬುವುದಿಲ್ಲ.

ಮೊದಲು ಕೇಳಿ, ಆಮೇಲೆ ಮಾರಿ

ಗಿರಾಕಿ "36 ಇಂಚಿನ ಮಿಲ್ ಕೊಡಿ" ಎನ್ನುತ್ತಾರೆ. ಅಷ್ಟಕ್ಕೇ ಬಿಲ್ ಬರೆಯಬೇಡಿ. ನಿಮ್ಮ ದಿಮ್ಮಿ ಎಷ್ಟು ಅಗಲ ಎಂದು ಕೇಳಿ. ಬಾರ್‌ನ ಎರಡೂ ತುದಿಯಲ್ಲಿ ಮಿಲ್‌ನ ಹಿಡಿಗಳು ಕೂರುವುದರಿಂದ 36 ಇಂಚಿನ ಬಾರ್ 36 ಇಂಚು ಅಗಲದ ಹಲಗೆ ಕೊಡುವುದಿಲ್ಲ. ಸಾಮಾನ್ಯವಾಗಿ ನಾಲ್ಕೈದು ಇಂಚು ಕಡಿಮೆಯೇ. ಇದನ್ನು ಮುಂಚೆ ಹೇಳದಿದ್ದರೆ ಮಿಲ್ ವಾಪಸ್ ಬರುತ್ತದೆ, ಬೇಸರವೂ ಜೊತೆಗೆ ಬರುತ್ತದೆ.

ಎರಡನೆಯದು, ಇಂಜಿನ್ ಎಷ್ಟು ಸಿ.ಸಿ. ಎಂಬುದು. ಅಡ್ಡ ಕೊಯ್ಯುವಾಗ ಚೈನ್ ಒಂದೆರಡು ನಿಮಿಷ ದುಡಿದು ಸುಧಾರಿಸಿಕೊಳ್ಳುತ್ತದೆ. ಉದ್ದಕ್ಕೆ ಸೀಳುವಾಗ ಹಾಗಲ್ಲ, ದಿಮ್ಮಿಯ ಈ ತುದಿಯಿಂದ ಆ ತುದಿಯವರೆಗೆ ಇಂಜಿನ್ ಪೂರ್ತಿ ಭಾರದಲ್ಲೇ ಓಡಬೇಕು. 20 ಇಂಚಿನ ಒಳಗಿನ ದಿಮ್ಮಿಗೆ 60–70 ಸಿ.ಸಿ. ಯಂತ್ರ ನಡೆಯುತ್ತದೆ. 30 ಇಂಚು ದಾಟಿದರೆ 90 ಸಿ.ಸಿ.ಗಿಂತ ಕಡಿಮೆಯದನ್ನು ನಾನು ಶಿಫಾರಸು ಮಾಡುವುದಿಲ್ಲ. ಸಣ್ಣ ಯಂತ್ರಕ್ಕೆ ದೊಡ್ಡ ಮಿಲ್ ಮಾರಿದರೆ ಅವತ್ತಿನ ವ್ಯಾಪಾರ ಆಗುತ್ತದೆ; ಆ ಇಂಜಿನ್ ಮಾತ್ರ ಬಹಳ ದಿನ ಬಾಳುವುದಿಲ್ಲ.

ಹೆಚ್ಚು ತಪ್ಪಾಗುವುದು ಚೈನ್ ವಿಷಯದಲ್ಲಿ. ಅದಕ್ಕೆ ಮೂರು ಅಳತೆ ಬೇಕು. ಒಂದು ಪಿಚ್: ಪಕ್ಕಪಕ್ಕದ ಮೂರು ರಿವೆಟ್‌ಗಳಲ್ಲಿ ಮೊದಲನೆಯದರಿಂದ ಮೂರನೆಯದಕ್ಕೆ ಇರುವ ದೂರದ ಅರ್ಧ. ಇನ್ನೊಂದು ಗೇಜ್: ಬಾರ್‌ನ ಅಂಚಿನ ತೋಡಿನೊಳಗೆ ಇಳಿಯುವ ಡ್ರೈವ್ ಲಿಂಕ್‌ನ ದಪ್ಪ, ಸಾಮಾನ್ಯವಾಗಿ 1.3, 1.5 ಅಥವಾ 1.6 ಮಿ.ಮೀ. ಮೂರನೆಯದು ಡ್ರೈವ್ ಲಿಂಕ್‌ಗಳ ಎಣಿಕೆ. ಈ ಎಣಿಕೆಯನ್ನೇ ಜನ ಬಿಟ್ಟುಬಿಡುತ್ತಾರೆ. ಒಂದೇ 36 ಇಂಚಿನ ಬಾರ್ ಆದರೂ ಒಂದು ಕಂಪನಿಯ ಯಂತ್ರಕ್ಕೆ 114 ಲಿಂಕ್ ಬೇಕು, ಇನ್ನೊಂದಕ್ಕೆ 115. ಒಂದೇ ಒಂದು ಲಿಂಕ್ ವ್ಯತ್ಯಾಸ, ಇಡೀ ಚೈನ್ ವಾಪಸ್. ಅದಕ್ಕೇ ನಾನು ಹಳೆಯ ಚೈನನ್ನು ನೆಲದ ಮೇಲೆ ಹಾಸಿ ಎಣಿಸಲು ಹೇಳುತ್ತೇನೆ, ಬಾರ್‌ನ ಹಿಂಬದಿಯಲ್ಲಿ ಅಚ್ಚೊತ್ತಿದ ಅಂಕಿಗಳ ಫೋಟೊ ತರಿಸಿಕೊಳ್ಳುತ್ತೇನೆ. ಐದು ನಿಮಿಷ ಹಿಡಿಯುತ್ತದೆ. ಈ ಅಭ್ಯಾಸ ಮಾಡಿಕೊಂಡ ಮೇಲೆ ವಾಪಸ್ ಬರುವ ಪೆಟ್ಟಿಗೆಗಳು ತೀರಾ ಅಪರೂಪವಾಗಿವೆ.

ಅಡ್ಡ ಕೊಯ್ಯುವ ಮಾಮೂಲಿ ಚೈನ್‌ನ ಹಲ್ಲನ್ನು 25ರಿಂದ 35 ಡಿಗ್ರಿ ಓರೆಯಲ್ಲಿ ಅರ ಹಾಕಿರುತ್ತಾರೆ. ಸೀಳುವ ಚೈನ್‌ಗೆ ಆ ಓರೆ ಸುಮಾರು 10 ಡಿಗ್ರಿ. ಓರೆ ಕಡಿಮೆಯಾದಷ್ಟೂ ಹಲಗೆಯ ಮೈ ನುಣುಪು. ಇದನ್ನು ಗಿರಾಕಿಗೆ ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ. ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲೇ ಅಚ್ಚು ಹಾಕಿಸಿ. ಬೇರೆ ಕಾಗದವೂ ಬೇಡ, ಅದಕ್ಕೊಂದು ಪ್ಲಾಸ್ಟಿಕ್ ಕವರೂ ಬೇಡ.

ಮಾರದೇ ಇರಬಹುದಾದದ್ದನ್ನೂ ಹೇಳಿಬಿಡಿ. ಮೊದಲ ಕೊಯ್ತಕ್ಕೆ ದಿಮ್ಮಿಯ ಮೇಲೆ ನೇರವಾದ ಆಧಾರ ಬೇಕು, ಏಕೆಂದರೆ ತೊಗಟೆ ಸಮತಟ್ಟಾಗಿರುವುದಿಲ್ಲ. ಅದಕ್ಕೆಂದೇ ಬೇರೆ ಹಳಿಗಳ ಸೆಟ್ ಸಿಗುತ್ತದೆ. ಆದರೆ ಸೊಟ್ಟಗಾಗದ ಒಂದು ಅಲ್ಯುಮಿನಿಯಂ ಏಣಿಯನ್ನು ದಿಮ್ಮಿಗೆ ಭದ್ರವಾಗಿ ಬಿಗಿದರೂ ಅದೇ ಕೆಲಸ ಆಗುತ್ತದೆ. ಎರಡನೇ ಕೊಯ್ತದಿಂದ ಮಿಲ್ ಆ ಸಮತಟ್ಟಾದ ಮೇಲ್ಮೈ ಮೇಲೇ ಓಡುತ್ತದೆ. ಹಾಗೆಯೇ ಚೈನ್ ಎಣ್ಣೆಯ ಡಬ್ಬಿ. ಅದು ಗಿರಾಕಿಯ ಹತ್ತಿರದ ಅಂಗಡಿಯಲ್ಲೇ ಸಿಗುತ್ತದೆ. ದೂರದಿಂದ ಕಳಿಸಿ, ದಾರಿಯಲ್ಲಿ ಸೋರಿ, ಪೆಟ್ಟಿಗೆಯಲ್ಲಿರುವ ಉಳಿದದ್ದನ್ನೆಲ್ಲ ಕೆಡಿಸಿಕೊಳ್ಳುವುದು ಯಾಕೆ?

ಚೈನ್ ಮತ್ತು ಬಾರ್: ತುಕ್ಕಿಗೂ ಹಲ್ಲಿಗೂ ಕಾಗದವೇ ಮದ್ದು

ಒಮ್ಮೆ ಒಂದು ಚೈನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಮೇಲೆ ಬಬಲ್ ರ್ಯಾಪ್ ಮೂರು ಸುತ್ತು ಸುತ್ತಿ ಕಳಿಸಿದ್ದೆ. ತಲುಪುವ ಹೊತ್ತಿಗೆ ಹಲ್ಲುಗಳು ಚೀಲ ಸೀಳಿ, ರಟ್ಟನ್ನೂ ತೂರಿ ಹೊರಗೆ ಚಾಚಿದ್ದವು. ಪೆಟ್ಟಿಗೆ ತಂದುಕೊಟ್ಟವರ ಬೆರಳು ಕೊಯ್ದಿತ್ತು. ಚೀಲದೊಳಗೆ ಸಿಕ್ಕಿಕೊಂಡಿದ್ದ ತೇವ ಲಿಂಕ್‌ಗಳ ಮೇಲೆ ಕಂದು ಚುಕ್ಕೆ ಬಿಡಿಸಿತ್ತು. ಇಷ್ಟೆಲ್ಲ ಪ್ಲಾಸ್ಟಿಕ್ ಸುತ್ತಿಯೂ ಚೈನ್ ಕಾಯಲಿಲ್ಲ, ಕೈ ಕಾಯಲಿಲ್ಲ. ಆ ಫೋಟೊ ನೋಡಿದ ದಿನದ ಸಂಕಟ ಇನ್ನೂ ಮನಸ್ಸಿನಲ್ಲಿದೆ.

ಈಗ ಹೀಗೆ ಮಾಡುತ್ತೇನೆ. ಮೊದಲು ಕೈಗೆ ಹತ್ತಿಯ ಗ್ಲೌಸ್. ಬೆರಳಿನ ಬೆವರಲ್ಲಿ ಉಪ್ಪಿರುತ್ತದೆ, ಬರಿಗೈಯಲ್ಲಿ ಮುಟ್ಟಿದ ಉಕ್ಕಿನ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುವುದುಂಟು. ಚೈನನ್ನು ತೆಳು ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಎಣ್ಣೆ ತೊಟ್ಟಿಕ್ಕದಂತೆ ನೋಡಿಕೊಂಡು, ಮೂರು ಸುರುಳಿ ಮಾಡಿ, ಸೆಣಬಿನ ಹುರಿಯಿಂದ ಎರಡು ಕಡೆ ಕಟ್ಟುತ್ತೇನೆ. ನೈಲಾನ್ ಪಟ್ಟಿ ಬೇಕಾಗುವುದಿಲ್ಲ. ಆಮೇಲೆ ತುಕ್ಕು ತಡೆಯುವ ವಿಸಿಐ ಕಾಗದದ ಸುತ್ತು. ಈ ಕಾಗದದಿಂದ ನಿಧಾನವಾಗಿ ಹೊಮ್ಮುವ ಆವಿ ಲೋಹದ ಮೇಲೆ ಕಣ್ಣಿಗೆ ಕಾಣದ ಪದರವಾಗಿ ಕೂತು ತುಕ್ಕನ್ನು ತಡೆಯುತ್ತದೆ. ಆದ್ದರಿಂದ ಕಾಗದ ಲೋಹಕ್ಕೆ ಹತ್ತಿರವಿರಬೇಕು, ಅಂಚುಗಳನ್ನು ಮಡಿಸಿ ಮುಚ್ಚಬೇಕು. ಕೊಳ್ಳುವಾಗ ಒಂದು ಎಚ್ಚರ: ಇದೇ ಹೆಸರಿನಲ್ಲಿ ಪ್ಲಾಸ್ಟಿಕ್ ಚೀಲಗಳೂ ಒಂದು ಬದಿಗೆ ಪ್ಲಾಸ್ಟಿಕ್ ಲೇಪಿಸಿದ ಕಾಗದವೂ ಬರುತ್ತವೆ. ಲೇಪವಿಲ್ಲದ್ದನ್ನೇ ಕೇಳಿ ತೆಗೆದುಕೊಳ್ಳಿ. ಹರಿದು ನೋಡಿದರೆ ತಿಳಿಯುತ್ತದೆ. ಲೇಪವಿದ್ದರೆ ಹರಿದ ಅಂಚಿನಲ್ಲಿ ತೆಳುವಾದ ಪೊರೆ ಎಳೆದುಕೊಂಡು ಬರುತ್ತದೆ.

ಕಾಗದದ ಸುತ್ತಿನ ಮೇಲೆ ಗಟ್ಟಿ ರಟ್ಟಿನ ಚಪ್ಪಟೆ ಡಬ್ಬಿ. ಚೈನ್ ಅದರೊಳಗೆ ಅಲುಗಾಡಬಾರದು. ಅಲುಗಾಡದ ಹಲ್ಲು ರಟ್ಟನ್ನು ಕೊಯ್ಯುವುದಿಲ್ಲ.

ಬಾರ್‌ಗೆ ಇಷ್ಟೆಲ್ಲ ಉಪಚಾರ ಬೇಡ. ಉದ್ದುದ್ದ ಮಡಿಸಿದ ರಟ್ಟಿನ ಒರೆಯೊಂದು ಸಾಕು, ಮೂತಿಯ ತುದಿಗೆ ಮಾತ್ರ ಎರಡು ಪದರ. ಅಲ್ಲಿರುವ ಚಕ್ರಕ್ಕೆ ಪೆಟ್ಟು ಬಿದ್ದರೆ ಬಾರ್ ಕೆಲಸಕ್ಕೆ ಬರುವುದಿಲ್ಲ. ತೇವದ ಊರಿಗೆ ಕಳಿಸುವಾಗ ಒಣಗಿಸುವ ಪೊಟ್ಟಣ ಹಾಕಬೇಕೆನಿಸಿದರೆ ಕಾಗದದ ಪೊಟ್ಟಣದಲ್ಲಿ ಬರುವ ಜೇಡಿಮಣ್ಣಿನದು ಸಿಗುತ್ತದೆ. ಸೀಳಿದಾಗ ಬಿದ್ದ ಹೊಟ್ಟನ್ನೇ ತುಂಬಿಸಿ ಕಳಿಸೋಣ ಎಂದು ಕೆಲವರಿಗೆ ಆಸೆ. ಖಂಡಿತ ಬೇಡ. ಹಸಿ ಮರದ ಹೊಟ್ಟು ನೀರು ಹಿಡಿದಿಟ್ಟುಕೊಂಡಿರುತ್ತದೆ, ಉಕ್ಕಿಗೆ ಅದು ಶತ್ರು.

ನಟ್ಟು ಬೋಲ್ಟಿಗೆ ಚೀಲವೇ ಬೇಡ

ಮಿಲ್‌ನ ಜೊತೆ ಬರುವ ನಟ್ಟು, ಬೋಲ್ಟು, ವಾಷರ್‌ಗಳನ್ನು ನಾಲ್ಕೈದು ಸಣ್ಣ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಹಾಕುವುದು ರೂಢಿ. ಅದರ ಬದಲು ಪ್ರತಿ ಬೋಲ್ಟನ್ನೂ ಅದು ಕೂರಬೇಕಾದ ತೂತಿನಲ್ಲೇ ಕೂರಿಸಿ, ನಟ್ಟನ್ನು ಬೆರಳಲ್ಲಿ ತಿರುಗಿಸಿ ಬಿಡಿ. ಇದು ನನಗೆ ಬಹಳ ಇಷ್ಟದ ಹೆಜ್ಜೆ. ಪೊಟ್ಟಣ ಉಳಿಯುತ್ತದೆ, ಒಂದು ಬೋಲ್ಟು ಕಡಿಮೆ ಬಿತ್ತು ಎಂಬ ದೂರು ಇಲ್ಲವಾಗುತ್ತದೆ, ಯಾವ ಬೋಲ್ಟು ಎಲ್ಲಿಗೆ ಎಂಬುದು ಗಿರಾಕಿಗೆ ನೋಡಿದ ತಕ್ಷಣ ಗೊತ್ತಾಗುತ್ತದೆ. ಪ್ಯಾಕಿಂಗ್ ಮಾಡುವವರಿಗೆ ಎರಡು ಮೂರು ನಿಮಿಷ ಹೆಚ್ಚು ಹಿಡಿಯುತ್ತದೆ, ನಿಜ. ಸ್ಪ್ಯಾನರನ್ನು ಹಳಿಗೆ ಹುರಿಯಿಂದ ಕಟ್ಟಿ.

ಪೆಟ್ಟಿಗೆಯ ಅಳತೆ

ಉದ್ದವಾದ, ಭಾರವಾದ, ಕಿರಿದಾದ ಸಾಮಾನು ಇದು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ದೊಡ್ಡ ಪೆಟ್ಟಿಗೆಗೆ ಹಾಕಿ, ಖಾಲಿ ಜಾಗವನ್ನು ಬಬಲ್ ರ್ಯಾಪ್‌ನಿಂದ ತುಂಬಿಸುವುದು ಸುಲಭದ ದಾರಿ. ಅದರ ಖರ್ಚು ಲೆಕ್ಕ ಹಾಕಿ ನೋಡಿ. ಕೊರಿಯರ್‌ನವರು ತೂಕದ ಜೊತೆ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಬಹಳ ಕಡೆ ನಡೆಯುವ ಲೆಕ್ಕ. 120×30×25ರ ಪೆಟ್ಟಿಗೆ ಈ ಲೆಕ್ಕದಲ್ಲಿ 18 ಕಿಲೋ. ಅದೇ ಸಾಮಾನನ್ನು 112×25×15ರಲ್ಲಿ ಕೂರಿಸಿದರೆ 8.4 ಕಿಲೋ. ಒಳಗಿನ ಸಾಮಾನು ಎಂಟೇ ಕಿಲೋ ಇದ್ದರೂ ದೊಡ್ಡ ಪೆಟ್ಟಿಗೆಯಲ್ಲಿ ನೀವು ಹತ್ತು ಕಿಲೋ ಗಾಳಿಗೆ ದುಡ್ಡು ಕಟ್ಟುತ್ತೀರಿ.

ಹೀಗಾಗಿ ಮಿಲ್‌ನ ಒಂದೊಂದು ಗಾತ್ರಕ್ಕೂ ಒಂದೊಂದು ಪೆಟ್ಟಿಗೆ ಮಾಡಿಸುವುದು ಒಳ್ಳೆಯದು. ಹಳಿಗಳನ್ನು ಬಿಚ್ಚಿ ಉದ್ದಕ್ಕೆ ಮಲಗಿಸಿ. ನಡುವೆ ರಟ್ಟಿನಲ್ಲೇ ಕತ್ತರಿಸಿದ ಅಡ್ಡಪಟ್ಟಿಗಳನ್ನು ನಿಲ್ಲಿಸಿ, ಹಳಿ ಕೂರುವಷ್ಟು ತೂತು ಮಾಡಿ, ಮೂರು ಕಡೆ ಸಿಕ್ಕಿಸಿದರೆ ಒಳಗೆ ಏನೂ ಜಾರುವುದಿಲ್ಲ. ಉಳಿದ ಸಂದಿಗೆ ಮುದುಡಿದ ಕಂದು ಕಾಗದ. ಕಾಗದವನ್ನು ಮೆತ್ತಗೆ ತುರುಕಿದರೆ ದಾರಿಯಲ್ಲಿ ಒತ್ತಿಹೋಗಿ ಜಾಗ ಬಿಡುತ್ತದೆ. ಬಿಗಿಯಾಗಿ ಹಿಂಡಿ ತುಂಬಿಸಿ.

ರಟ್ಟಿನ ಒಳಗಿನ ಅಲೆಗಳು ನೆಟ್ಟಗೆ ನಿಲ್ಲುವಂತೆ ಪೆಟ್ಟಿಗೆ ಇರಬೇಕು, ಆಗಲೇ ಅದು ಮೇಲೆ ಪೇರಿಸಿದ ಭಾರ ಹೊರುವುದು. ರಟ್ಟು ತೇವ ಎಳೆದುಕೊಂಡರೆ ಆ ಶಕ್ತಿ ಬಹಳ ಇಳಿದುಬಿಡುತ್ತದೆ. ಪೆಟ್ಟಿಗೆಗಳನ್ನು ನೆಲಕ್ಕೆ ತಾಗಿಸದೆ ಮರದ ಪಟ್ಟಿಗಳ ಮೇಲೆ ಇಡಿ.

ಮುಚ್ಚಲು ಗೋಂದಿನ ಕಾಗದದ ಟೇಪ್. ನೀರು ತಾಗಿದರೆ ಅಂಟುವ ಈ ಟೇಪ್‌ನ ಗೋಂದು ಪಿಷ್ಟದ್ದು. ಅದು ರಟ್ಟಿನ ನಾರಿನೊಳಗೇ ಇಳಿದು ಹಿಡಿಯುತ್ತದೆ, ಕೀಳಹೋದರೆ ರಟ್ಟೇ ಹರಿಯುತ್ತದೆ. ಕಾಗದದ ಜೊತೆಯಲ್ಲೇ ಮರುಬಳಕೆಗೂ ಹೋಗುತ್ತದೆ. ನೀರು ಹೆಚ್ಚಾದರೆ ಗೋಂದು ತೊಳೆದುಹೋಗುತ್ತದೆ, ಕಡಿಮೆಯಾದರೆ ಒಣ ಜಾಗ ಉಳಿದು ಎದ್ದು ಬರುತ್ತದೆ. ಸ್ಪಂಜಿನ ಮೇಲೆ ಒಂದೇ ಎಳೆತಕ್ಕೆ ಎಳೆದು, ಅಂಗೈಯಿಂದ ಉದ್ದಕ್ಕೂ ಒತ್ತಿ. ನೂರು ಪೆಟ್ಟಿಗೆ ಕಟ್ಟುವುದರೊಳಗೆ ಕೈಗೆ ಹದ ಬರುತ್ತದೆ. ಗಾಜಿನ ನೂಲು ಸೇರಿಸಿದ ಟೇಪ್ ಇನ್ನೂ ಗಟ್ಟಿಯಾದರೂ ಆ ನೂಲು ಕಾಗದದ ಜೊತೆ ಕರಗುವುದಿಲ್ಲ, ಆದ್ದರಿಂದ ತೀರಾ ಭಾರದ ಪೆಟ್ಟಿಗೆಗೆ ಮಾತ್ರ ಅದನ್ನು ಇಟ್ಟುಕೊಳ್ಳಿ.

ಬೀಳಿಸಿ ನೋಡಿ

ಹೊಸ ವಿನ್ಯಾಸದ ಮೊದಲ ಪೆಟ್ಟಿಗೆಯನ್ನು ಗಿರಾಕಿಗೆ ಕಳಿಸಬೇಡಿ, ನೆಲಕ್ಕೆ ಬೀಳಿಸಿ. ಸಾಗಣೆ ಪ್ಯಾಕಿಂಗ್ ಪರೀಕ್ಷೆಗೆ ಐಎಸ್‌ಟಿಎ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕ್ರಮವೊಂದಿದೆ: ಒಟ್ಟು ಹತ್ತು ಸಲ ಬೀಳಿಸುವುದು. ಒಂದು ಮೂಲೆ, ಆ ಮೂಲೆಗೆ ಸೇರುವ ಮೂರು ಅಂಚು, ಆಮೇಲೆ ಆರು ಮುಖ. ಎಂಟೊಂಬತ್ತು ಕಿಲೋದ ಪೆಟ್ಟಿಗೆಗೆ ಎತ್ತರ 76 ಸೆಂ.ಮೀ., ಅಂದರೆ ಹೆಚ್ಚುಕಡಿಮೆ ಮೇಜಿನ ಎತ್ತರ. ಬೀಳಿಸುವ ಮುಂಚೆ ಬಾರ್‌ನ ಮೂತಿ ಎಲ್ಲಿದೆ ಎಂದು ಪೆಟ್ಟಿಗೆಯ ಹೊರಗೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಬಿಚ್ಚಿದಾಗ ಮೂತಿ ಒಂದು ಬೆರಳಷ್ಟು ಸರಿದಿದ್ದರೂ ಅಡ್ಡಪಟ್ಟಿಯ ತೂತು ದೊಡ್ಡದಾಯಿತು ಎಂದರ್ಥ. ನಮ್ಮಲ್ಲಿ ಮೊದಲ ಎರಡು ವಿನ್ಯಾಸ ಈ ಪರೀಕ್ಷೆಯಲ್ಲಿ ಉಳಿಯಲಿಲ್ಲ, ಎರಡು ಸಲವೂ ಮೊದಲ ಮೂಲೆಯ ಪೆಟ್ಟಿಗೇ ಬಾರ್ ತುದಿಯ ರಟ್ಟು ಒಡೆಯಿತು. ತುದಿಗೆ ಅಡ್ಡಲಾಗಿ ಮಡಿಸಿದ ನಾಲ್ಕು ಪದರ ರಟ್ಟು ಸೇರಿಸಿದ ಮೇಲೆ ನಿಂತಿತು.

ಗಡಿ ದಾಟಿ ಕಳಿಸುವುದಾದರೆ

ಮರದ ಕೆಲಸದವರಿಗೆ ಮರದ ಪೆಟ್ಟಿಗೆಯಲ್ಲೇ ಕಳಿಸಿದರೆ ಚೆಂದ ಎನಿಸುವುದು ಸಹಜ. ಬೇರೆ ದೇಶಕ್ಕಾದರೆ ಮರದ ಪ್ಯಾಕಿಂಗ್ ಕುರಿತ ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮ ನೆನಪಿರಲಿ. ಕೀಟಗಳು ದೇಶದಿಂದ ದೇಶಕ್ಕೆ ಹೋಗದಿರಲೆಂದು ಅಖಂಡ ಮರದ ಪ್ಯಾಕಿಂಗನ್ನು ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಕಾಯಿಸಿ, ಅಥವಾ ಒಪ್ಪಿಗೆಯ ಬೇರೊಂದು ವಿಧಾನದಲ್ಲಿ ಸಂಸ್ಕರಿಸಿ, ಮುದ್ರೆ ಹಾಕಿಸಬೇಕು. ಪ್ಲೈವುಡ್‌ಗೂ 6 ಮಿ.ಮೀ. ಅಥವಾ ಅದಕ್ಕಿಂತ ತೆಳುವಾದ ಮರಕ್ಕೂ ವಿನಾಯಿತಿ ಇದೆ. ಸ್ವಂತ ಮಿಲ್‌ನಲ್ಲಿ ಸೀಳಿದ ಹಲಗೆಯ ಪೆಟ್ಟಿಗೆ ಮುದ್ರೆಯಿಲ್ಲದೆ ಬಂದರಿಗೆ ಹೋದರೆ ಅಲ್ಲೇ ನಿಲ್ಲುತ್ತದೆ.

ಹೇಳಿಕೊಳ್ಳುವಾಗ

"ಪರಿಸರಸ್ನೇಹಿ" ಎಂದು ದೊಡ್ಡದಾಗಿ ಬರೆಯುವ ಬದಲು ಏನಿದೆ ಎಂದು ಬರೆಯಿರಿ: ರಟ್ಟು, ಕಾಗದ, ಸೆಣಬು. ಮಣ್ಣಲ್ಲಿ ಕರಗುತ್ತದೆ ಎಂದು ಮಾರುವ ಚೀಲಗಳ ವಿಷಯದಲ್ಲಿ ಹುಷಾರಾಗಿರಿ. ಕಾಂಪೋಸ್ಟ್ ಆಗುವ ಪಿಎಲ್‌ಎಯಂಥ ಪ್ಲಾಸ್ಟಿಕ್‌ಗೆ ದೊಡ್ಡ ಘಟಕಗಳ ಬಿಸಿ ಬೇಕು, ಹಿತ್ತಲಿನ ಗುಂಡಿಯಲ್ಲಿ ಅದು ಬಹುಕಾಲ ಹಾಗೇ ಬಿದ್ದಿರುತ್ತದೆ. ಬೇಗ ಒಡೆಯಲೆಂದು ರಾಸಾಯನಿಕ ಬೆರೆಸಿದ ಆಕ್ಸೋ ಮಾದರಿಯ ಪ್ಲಾಸ್ಟಿಕ್‌ಗಳು ಚೂರುಚೂರಾಗುತ್ತವೆಯೇ ಹೊರತು ಇಲ್ಲವಾಗುವುದಿಲ್ಲ; ಯುರೋಪಿಯನ್ ಒಕ್ಕೂಟ 2021ರಲ್ಲಿ ಅವುಗಳ ಮಾರಾಟ ನಿಲ್ಲಿಸಿತು. ಎಣ್ಣೆ ಹತ್ತಿದ ಕಾಗದ ಮರುಬಳಕೆಗೆ ಹೋಗುವುದಿಲ್ಲ ಎಂಬುದನ್ನೂ ಮುಚ್ಚಿಡಬೇಡಿ. ಕೆಲಸ ಮುಗಿದ ಮೇಲೆ ಬಾರ್ ಒರೆಸಲು ಅದನ್ನು ಇಟ್ಟುಕೊಳ್ಳಿ ಎಂದು ಮುಚ್ಚಳದ ಮೇಲೆ ಒಂದು ಸಾಲು ಸೇರಿಸಿ.

ಇನ್ನು ಉಳಿಯುವುದು ತಯಾರಕರಿಂದ ನಿಮಗೆ ಬರುವ ಪ್ಲಾಸ್ಟಿಕ್. ಒಂದೊಂದು ಹಳಿಗೂ ಒಂದೊಂದು ಚೀಲ, ಇಡೀ ರಾಶಿಯ ಮೇಲೆ ಸುತ್ತಿದ ಫಿಲ್ಮ್. ಬಿಚ್ಚಿ ಬಿಸಾಡಿ ಕಾಗದದಲ್ಲಿ ಕಟ್ಟಿದರೆ ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ, ಕಸ ಕಡಿಮೆಯಾಗಲಿಲ್ಲ. ಒಂದು ವಾರ ಬಂದದ್ದನ್ನೆಲ್ಲ ಒಂದು ಮೂಲೆಯಲ್ಲಿ ಕೂಡಿಡಿ, ತೂಕ ಮಾಡಿ, ಫೋಟೊ ತೆಗೆಯಿರಿ. ಮುಂದಿನ ಆರ್ಡರ್ ಜೊತೆ ಆ ಫೋಟೊ ಇಟ್ಟು, ಹಳಿಗಳ ನಡುವೆ ಚೀಲದ ಬದಲು ಕಾಗದ ಹಾಕಿ ಕಳಿಸಿ ಎಂದು ಬರೆಯಿರಿ. ನಾನು ಮೂರನೇ ಸಲ ಬರೆದಾಗ ಒಪ್ಪಿದರು.